ಬ್ರೇಕ್ ಮಾವನ ಅಂಗೈ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಇಪ್ಪತ್ತಾರು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಇವತ್ತು ಕೂತು ನಾಲ್ಕು ಸಾಲು ಬರೆಯಲು ಜೀವ ಉಳಿದಿದ್ದರೆ ಅದು ಬ್ರೇಕ್ ಮಾವನಿಂದ.

ಗುಡ್ಡದ ರಸ್ತೆಯಲ್ಲಿ ಎರಡು ಇಳಿಜಾರುಗಳ ನಡುವೆ ಒಂದಿಷ್ಟು ಸಮತಟ್ಟು ಜಾಗವಿದೆ. ಮೆಕ್ಯಾನಿಕ್ ಮಾವನ ತಗಡಿನ ಶೆಡ್ಡು ಅಲ್ಲೇ. ಸಂಬಂಧಿಕನೇನಲ್ಲ, ಡ್ರೈವರುಗಳೆಲ್ಲ ಅವನನ್ನು ಮಾವ ಅಂತಾರೆ, ಅವನು ನಮ್ಮನ್ನೆಲ್ಲ ಅಳಿಯ ಅಂತಾನೆ. ಯಾವ ಲಾರಿ ನಿಂತರೂ ಮೊದಲು ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ಕಾವು ನೋಡುತ್ತಾನೆ, ತಾಯಿ ಮಗುವಿನ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ.

ವರ್ಷಗಳ ಹಿಂದೆ ಒಂದು ದಿನ, ಲಾರಿ ತುಂಬಾ ಸಿಮೆಂಟು, ಪಕ್ಕದಲ್ಲಿ ಹೆಂಡತಿ. ಅಕ್ಕನ ಮನೆಗೆ ಹೊರಟಿದ್ದಳು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಡೀಸೆಲ್ ಉಳಿಯುತ್ತದೆ ಅನ್ನೋದು ನಮ್ಮವರ ದೊಡ್ಡ ಬುದ್ಧಿವಂತಿಕೆ. ನಾನೂ ಹಾಗೇ ಬಿಟ್ಟಿದ್ದೆ. ಗೇರು ಹಿಡಿಯದಿದ್ದರೆ ಭಾರವೆಲ್ಲ ಬ್ರೇಕಿನ ಮೇಲೆ. ಅದು ಕಾದು ಕಾದು ಕೊನೆಗೆ ಹಿಡಿಯುವುದನ್ನೇ ಬಿಡುತ್ತದೆ. ಗೊತ್ತಿರಲಿಲ್ಲ ಅಂತಲ್ಲ, ನನ್ನ ಕಾಲಿನ ಮೇಲೆ ಅಷ್ಟು ನಂಬಿಕೆ.

ಹಾರ್ನಿನ ವೈರು ಕಿತ್ತುಹೋಗಿತ್ತು ಅಂತ ಮಾವನ ಶೆಡ್ಡಿನ ಮುಂದೆ ನಿಲ್ಲಿಸಿದೆ. ಮಾವ ಹಿಂದಿನ ಚಕ್ರಕ್ಕೆ ಅಂಗೈ ಹಿಡಿದವನೇ ಹಿಂದೆಳೆದುಕೊಂಡ. ಕ್ಯಾಬಿನ್ ಹತ್ತಿ ಕೀಲಿ ಕಿತ್ತುಕೊಂಡ. ಸಿಮೆಂಟು ಇಳಿಸೋ ಗೋಡೌನ್ ಆರಕ್ಕೆ ಮುಚ್ಚುತ್ತದೆ ಅಂತ ಕೂಗಾಡಿದೆ. ಗಿರಾಕಿ ಇಲ್ಲದೆ ಜನರನ್ನು ಹೆದರಿಸುತ್ತೀಯಾ ಅಂದೆ. ಕಾಲರ್ ಕೂಡ ಹಿಡಿದೆ. ಮಾವ ಬಿಡಿಸಿಕೊಂಡು ಸುತ್ತಿ ಹೋಗಿ ಕೀಲಿಯನ್ನು ನನ್ನ ಹೆಂಡತಿಯ ಕೈಗಿಟ್ಟ.

"ಮಗಳೇ, ಚಕ್ರ ಬಿಚ್ಚಿ ತೋರಿಸೋವರೆಗೂ ಇದು ನಿನ್ನ ಹತ್ರಾನೇ ಇರಲಿ. ನಿನ್ನ ಗಂಡನಿಗೆ ಗೋಡೌನ್ ಬಾಗಿಲು ಕಾಣ್ತಿದೆ, ಕೆಳಗಿನ ತಿರುವು ಕಾಣ್ತಿಲ್ಲ."

ಅವಳು ನನ್ನ ಮುಖ ನೋಡಲೂ ಇಲ್ಲ. ಕೀಲಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಕಾವು ಇಳಿದ ಮೇಲೆ ಮಾವ ಚಕ್ರ ಬಿಚ್ಚಿದ. ಬ್ರೇಕಿನ ಲೈನರ್, ಅಂದರೆ ಚಕ್ರವನ್ನು ಉಜ್ಜಿ ನಿಲ್ಲಿಸುವ ಪಟ್ಟಿ, ಸುಟ್ಟು ಸೀಳಿಹೋಗಿತ್ತು. ಮುಟ್ಟಿದ ಕೂಡಲೇ ಒಂದು ಚೂರು ಬಿಸ್ಕತ್ತಿನ ಹಾಗೆ ಮುರಿದು ನನ್ನ ಕೈಗೇ ಬಂತು. ಕೆಳಗಿನ ಇಳಿಜಾರು ಇದಕ್ಕಿಂತ ಕಡಿದು. ಕಿಟಕಿಯಲ್ಲಿ ಹೆಂಡತಿ ನೀರು ಕುಡಿಯುತ್ತಿದ್ದಳು. ಆ ತಿರುವಿಗೆ ಅವಳನ್ನೂ ಒಯ್ಯುತ್ತಿದ್ದೆ. ತಪ್ಪಾಯ್ತು ಅನ್ನಲು ಬಾಯಿ ಬರಲಿಲ್ಲ.

"ಸ್ಪ್ಯಾನರ್ ಕೊಡಿ ಮಾವ, ಆ ಕಡೇದು ನಾನೇ ಬಿಚ್ತೀನಿ" ಅಂದೆ.

"ಬಿಚ್ಚಪ್ಪ ಅಳಿಯ, ಕಾಲರ್ ಹಿಡಿದ ಕೈ ತಾನೆ, ಗಟ್ಟಿಯಾಗೇ ಇದೆ."

ಗೋಡೌನಿಗೆ ಮಾರನೇ ದಿನ ಮುಟ್ಟಿದೆ. ಬೈದರು. ಜೀವನದಲ್ಲಿ ಮೊದಲ ಸಲ ತಿರುಗಿ ಬೈಯಲಿಲ್ಲ.

ಈಗ ಮಾವನ ಬೆನ್ನು ಬಗ್ಗಿದೆ, ಸ್ಪ್ಯಾನರ್ ಹಿಡಿಯುವುದಿಲ್ಲ. ಆದರೂ ಎರಡನೇ ಗೇರಿನಲ್ಲಿ ಗೊಣಗುತ್ತ ಇಳಿದು, ಕೆಲಸವಿಲ್ಲದಿದ್ದರೂ ಅಲ್ಲಿ ನಿಲ್ಲಿಸುತ್ತೇನೆ. ಮಾವ ಕುರ್ಚಿಯಿಂದ ಎದ್ದು ಬಂದು ಚಕ್ರಕ್ಕೆ ಅಂಗೈ ಹಿಡಿಯುತ್ತಾನೆ. "ತಣ್ಣಗಿದೆ ಅಳಿಯ, ಹೋಗು" ಅಂದ ಮೇಲೇ ಹೆಂಡತಿಗೆ ಫೋನ್ ಮಾಡಿ, ಬರ್ತಿದ್ದೀನಿ ಅನ್ನುತ್ತೇನೆ.