ಬರಿಗೈಲಿ ಹೋದವರಿಗೆ ಕಾಲಂ ಇಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಔಷಧ ಉಗ್ರಾಣದ ಮುಂದೆ ಸ್ಟೋರಕ್ಕ ಚಪ್ಪಲಿ ಬಿಟ್ಟು, ಗೊಂಚಲಿನಲ್ಲಿ ಕೀಲಿ ಹುಡುಕುತ್ತಿದ್ದಾರೆ. ಬಾಗಿಲು ತೆರೆದವರೇ ಫ್ರಿಜ್ಜಿನ ಉಷ್ಣಾಂಶ ನೋಡಿ ಗೋಡೆಯ ಹಾಳೆಯಲ್ಲಿ ಬರೆಯುತ್ತಾರೆ, ಇಲಿ ಕಡಿದ ರಟ್ಟಿನ ಚೂರು ಗುಡಿಸುತ್ತಾರೆ. ಆಮೇಲೆ ಕಿಟಕಿ. ಅದನ್ನು ತೆರೆಯುವ ಮುನ್ನ ಸಂದಿಯಿಂದ ಇಣುಕುತ್ತಾರೆ. ಹೊರಗೆ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡವರು ಕಾಯುತ್ತಿದ್ದಾರೆ.

"ಇಪ್ಪತ್ಮೂರು ವರ್ಷ ಔಷಧಿ ಕೊಡೋದೇ ನನ್ನ ಕೆಲಸ ಅನ್ಕೊಂಡಿದ್ದೆ. ಈಗ ಇಲ್ಲ ಅನ್ನೋದೇ ಕೆಲಸ ಆಗಿದೆ," ಎನ್ನುತ್ತಾರೆ.

ಆಸ್ಪತ್ರೆಗೆಲ್ಲ ಅವರು ಸ್ಟೋರಕ್ಕ. ಸಂಬಳದ ಚೀಟಿ ಬಿಟ್ಟರೆ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ವಿದೇಶಿ ಸಂಸ್ಥೆಗಳು ಕಳಿಸುವ ನೆರವಿನ ಔಷಧವೆಲ್ಲ ಇವರ ಕೈ ದಾಟಿಯೇ ಹೋಗಬೇಕು. ಒಂದೊಂದು ಸಂಸ್ಥೆಗೆ ಒಂದೊಂದು ಬೀರು, ಒಂದೊಂದು ಬಣ್ಣದ ಫಾರಂ. ಒಬ್ಬರು ಕೊಟ್ಟ ಸೊಳ್ಳೆಪರದೆ ಸೂರು ಮುಟ್ಟುವಷ್ಟಿದೆ. ಮಕ್ಕಳ ಕ್ಷಯದ ಮಾತ್ರೆಯ ಬೀರು ಮಾತ್ರ ಹೆಚ್ಚುಕಡಿಮೆ ಬಣಬಣ ಎನ್ನುತ್ತಿದೆ.

ಕಳೆದ ವರ್ಷ ತಪಾಸಣೆಗೆ ಬಂದ ವಿದೇಶಿ ಅಧಿಕಾರಿಯೊಬ್ಬರು ಇವರ ರಿಜಿಸ್ಟರಿನ ಅಂದ ನೋಡಿ ಫೋಟೋ ತೆಗೆದುಕೊಂಡು ಹೋದರಂತೆ. ಕ್ಷೌರದಂಗಡಿ ಇಟ್ಟಿರುವ ಗಂಡ ಇವತ್ತಿಗೂ ರೇಗಿಸುತ್ತಾರೆ: "ಪರದೇಶದಲ್ಲೆಲ್ಲ ಇವಳ ಅಕ್ಷರಕ್ಕೆ ಅಭಿಮಾನಿಗಳು. ನನ್ನಂಗಡಿ ಬೋರ್ಡು ಬರ್ಕೊಡೇ ಅಂದ್ರೆ ಮಾತ್ರ ಪುರುಸೊತ್ತಿಲ್ಲ!"

ಆ ಅಚ್ಚುಕಟ್ಟೇ ಮುಳುವಾಯಿತು. ನಲವತ್ತೊಂದು ಮಕ್ಕಳು ಆರು ತಿಂಗಳು ಮಾತ್ರೆ ನುಂಗಬೇಕು. ನಡುವೆ ನಿಂತರೆ ರೋಗ ಮರಳುತ್ತದೆ, ಹಳೆಯ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಯಾರದೋ ಒಂದು ಸಹಿಯಿಲ್ಲದೆ ಸರಕು ಎರಡು ತಿಂಗಳು ಬಂದರಿನಲ್ಲೇ ಬಿದ್ದಿತ್ತು. ಮೂರು ತಿಂಗಳಿಗೊಮ್ಮೆ ಕಳಿಸುವ ಫಾರಂನಲ್ಲಿ ಪ್ರತಿ ತಿಂಗಳಿಗೂ ಇರುವುದು 'ಎಷ್ಟು ಮಕ್ಕಳಿಗೆ ಕೊಟ್ಟಿರಿ' ಎಂಬ ಕಾಲಂ ಒಂದೇ. ಸ್ಟೋರಕ್ಕ ಇದ್ದದ್ದನ್ನೇ ಬರೆದರು: ಮೊದಲ ತಿಂಗಳು ನಲವತ್ತೊಂದು, ಆಮೇಲೆ ಸೊನ್ನೆ, ಸೊನ್ನೆ. ಸಮುದ್ರದಾಚೆಯ ಕಚೇರಿ ಮೂರನ್ನೂ ಕೂಡಿಸಿ, ಮೂರರಿಂದ ಭಾಗಿಸಿ, ತಿಂಗಳಿಗೆ ಹದಿನಾಲ್ಕು ಮಕ್ಕಳಿಗಾಗುವಷ್ಟು ಕಳಿಸಿತು. ಕೊಟ್ಟಿಲ್ಲವೆಂದರೆ ಬೇಕಿಲ್ಲವೆಂದೇ ಅರ್ಥವಂತೆ! ಈಗ ಮೂರು ತಿಂಗಳಿಗೂ ಹದಿನಾಲ್ಕೆಂದೇ ಬರೆಯಬೇಕು, ಮುಂದಿನ ಸಲವೂ ಹದಿನಾಲ್ಕೇ ಬರುತ್ತದೆ. ಈ ಬುದ್ಧಿವಂತಿಕೆ ಕಂಡು ಕೇಳುವ ನಮಗೇ ಮೈಯೆಲ್ಲ ಉರಿಯುತ್ತದೆ.

ಒಂದು ಸುಳ್ಳು ಬರೆದುಬಿಡಬಹುದಿತ್ತಲ್ಲ ಎಂದರೆ ತಲೆಯಾಡಿಸುತ್ತಾರೆ. "ಕೊಡದೇ ಇದ್ದದ್ದನ್ನ ಕೊಟ್ಟೆ ಅಂತ ಬರೆದ್ರೆ, ಮಾತ್ರೆ ಕದ್ದು ಮಾರಿದಳು ಅಂತಾರೆ. ಮೂರು ಕಾಗದ ಹಾಕ್ದೆ. ನಿಮ್ಮ ಪತ್ರ ತಲುಪಿದೆ ಅಂತ ಮೂರು ಉತ್ತರ ಬಂತು, ಅಷ್ಟೇ."

ಎಲ್ಲರಿಗಿಂತ ಎಳೆಯ ಹದಿನಾಲ್ಕು ಮಕ್ಕಳನ್ನು ಡಾಕ್ಟರು ಆರಿಸಿದರು. ಉಳಿದ ಇಪ್ಪತ್ತೇಳು ಮಕ್ಕಳ ಅಪ್ಪ ಅಮ್ಮಂದಿರಿಗೆ ಮುಖ ಕೊಡಬೇಕಾದವರು ಸ್ಟೋರಕ್ಕ. ಬಂದು ವಾಪಸು ಹೋದವರ ಹೆಸರನ್ನು, ತಾರೀಖಿನ ಸಮೇತ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅದನ್ನು ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ.

ಇವತ್ತು ಕಿಟಕಿಗೆ ಮೊದಲು ಬಂದವರು ಒಬ್ಬ ಬಡಗಿ. ಏಳು ವರ್ಷದ ಮಗಳು ನಾಲ್ಕು ತಿಂಗಳು ಮಾತ್ರೆ ತಿಂದು, ಮೈ ಹಿಡಿದು, ಓಡಾಡುವಂತಾಗಿದ್ದಳು. ಅಷ್ಟರಲ್ಲಿ ಮಾತ್ರೆ ನಿಂತಿತು. ಪ್ರತಿ ಸಲ ಅವಳನ್ನು ಎತ್ತಿಕೊಂಡೇ ಬರುತ್ತಿದ್ದವರು ಇವತ್ತು ಒಬ್ಬರೇ ಬಂದಿದ್ದಾರೆ.

"ಅಕ್ಕಾ, ನಮ್ಮ ಪುಟ್ಟಿ ಹೆಸರು ತೆಗೆದ್ಬಿಡಿ. ಮೊನ್ನೆ ಹೋಗ್ಬಿಟ್ಲು. ಅವಳ ಸರದಿ ಬಂದ್ರೆ ಬೇರೆ ಮಗುಗಾದ್ರೂ ಆಗುತ್ತೆ."

ಸ್ಟೋರಕ್ಕ ಪೆನ್ನು ಕೆಳಗಿಡುತ್ತಾರೆ. ಬಡಗಿ ಗೇಟು ದಾಟುವವರೆಗೂ ನೋಡುತ್ತಿದ್ದು, ಸೊಳ್ಳೆಪರದೆಯ ಮೂಟೆಯ ಮೇಲೆ ಕುಸಿದು ಕೂತು ಅಳುತ್ತಾರೆ. ಕಿಟಕಿಯಾಚೆ ಇನ್ನೂ ಐದು ಜನರಿದ್ದಾರೆ. ಕಣ್ಣೊರೆಸಿಕೊಂಡು ಎದ್ದು, ಒಬ್ಬೊಬ್ಬರಿಗೂ ಇಲ್ಲ ಎಂದು ಹೇಳಿ, ಅವರ ಹೆಸರು ಬರೆದುಕೊಳ್ಳುತ್ತಾರೆ. ಬಡಗಿಯ ಮಗಳ ಹೆಸರನ್ನು ಮಾತ್ರ ಹೊಡೆದುಹಾಕುವುದಿಲ್ಲ.

ನಾವು ಪತ್ರಿಕೆಯಲ್ಲಿ ಬರೆದರೆ ನಿಮಗೆ ಸನ್ಮಾನ ಸಿಗಬಹುದು ಎಂದಾಗ ಕೈ ಮುಗಿಯುತ್ತಾರೆ.

"ಸನ್ಮಾನ ಗಿನ್ಮಾನ ಬೇಡ. ಆ ಫಾರಂನಲ್ಲಿ ಇನ್ನೊಂದು ಕಾಲಂ ಹಾಕಿಸಿಕೊಡಿ. ಬಂದು ಬರಿಗೈಲಿ ಹೋದೋರು ಎಷ್ಟು ಜನ ಅಂತ. ಅದೊಂದು ಮೊದಲೇ ಇದ್ದಿದ್ರೆ, ಬಡಗಿಯಣ್ಣ ಇವತ್ತೂ ಮಗಳನ್ನ ಎತ್ಕೊಂಡೇ ಬರ್ತಿದ್ದ."