ಒಂದು ಹಳಿಗೆ ಒಂದೇ ಜಗಳ

ಮೊಹರಂ ಚಂದ್ರ ಕಂಡ ಮರುದಿನ, ಶನಿವಾರ, ಬೆಳಗ್ಗೆ ಆರು ಗಂಟೆ. ಸ್ಥಳ, ರಾಯದುರ್ಗದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಅವಳು ಕಾಫಿ ಸೋಸುತ್ತಿದ್ದಳು, ನಾನು ಫೋನು ತೆರೆದೆ.

ನಾನು ಸ್ಟೇಷನ್ ಮಾಸ್ತರನಾಗಿದ್ದು ನಿವೃತ್ತನಾದವನು. ಡ್ಯೂಟಿಗೆ ಬಂದವನು ದಿನ, ವೇಳೆ, ಯಾರಿದ್ದಾರೆ ಎಂಬುದನ್ನು ಮೊದಲು ಬರೆದು ಆಮೇಲೆ ಕುರ್ಚಿಯಲ್ಲಿ ಕೂರಬೇಕು. ಆ ಅಭ್ಯಾಸ ಬಿಟ್ಟಿಲ್ಲ. ಈಗ ನನ್ನ ಡ್ಯೂಟಿ ಎಂದರೆ ಫೋನಿನಲ್ಲಿರುವ ಒಂದು ಗುಂಪು. ರಾಯದುರ್ಗ, ಮಡಕಶಿರಾ ಎರಡೂ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳ ಗುಂಪು ಅದು. ಆಂಧ್ರದಲ್ಲಿ ಹುಟ್ಟಿ, ಕನ್ನಡದಲ್ಲಿ ಪಾಠ ಕಲಿತು, ತೆಲುಗಿನಲ್ಲಿ ಅರ್ಜಿ ಬರೆದು, ಎರಡರಲ್ಲೂ ಚೆನ್ನಾಗಿ ಜಗಳವಾಡಬಲ್ಲ ಜನ. ಚುನಾವಣೆ ಬಂದರೆ ಇಲ್ಲಿನ ಪಕ್ಷಗಳ ಜಗಳ ಸಾಲದೆಂದು ಬಳ್ಳಾರಿ ಕಡೆಯ ಪಕ್ಷಗಳ ಜಗಳವನ್ನೂ ತಂದುಕೊಳ್ಳುತ್ತಾರೆ. ಅಡ್ಮಿನ್ ಯಾರಾಗಬೇಕು ಎಂಬ ಮಾತು ಬಂದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದ್ದರು. "ಮಾಸ್ತರ್ರು ಗಾಡಿಗೆ ಗಾಡಿ ಡಿಕ್ಕಿ ಹೊಡಿಸಿಲ್ರಿ, ನಮ್ಮನ್ನೂ ಹೊಡಿಸಂಗಿಲ್ಲ" ಎಂದು ಒಬ್ಬರು ಹೇಳಿದ್ದರು.

ನಾನು ತಂದ ಕ್ರಮ ರೈಲಿನದೇ. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಓಡಬೇಕು. ನಮ್ಮ ಕಾಲದಲ್ಲಿ ಡ್ರೈವರನ ಕೈಗೆ ಲೋಹದ ಒಂದು ಗುಂಡು ಕೊಡುತ್ತಿದ್ದೆವು. ಅದಕ್ಕೆ ಟೋಕನ್ ಎನ್ನುತ್ತಾರೆ. ಗುಂಡು ಕೈಯಲ್ಲಿಲ್ಲದವನು ಗಾಡಿ ಕದಲಿಸುವಂತಿಲ್ಲ. ಗುಂಪಿನಲ್ಲೂ ಹಾಗೆಯೇ. ಜಗಳ ಶುರುವಾದರೆ ಟೋಕನ್ ಯಾರ ಹತ್ತಿರ ಇದೆ ಎಂದು ನಾನು ಬರೆಯುತ್ತೇನೆ. ಅವರು ಹೇಳಿ ಮುಗಿಸಿದ ಮೇಲೆ ಇನ್ನೊಬ್ಬರಿಗೆ. ಒಂದು ಜಗಳ ಊರು ಮುಟ್ಟುವ ತನಕ ಇನ್ನೊಂದನ್ನು ಬಿಡುವುದಿಲ್ಲ. "ಮಾಸ್ತರ್ರ, ಸಿಗ್ನಲ್ ಕೊಡ್ರಿ, ಸಿಟ್ಟು ಆರಾಕತ್ತೈತಿ" ಎಂದು ಕಾಯುವವರು ಗೋಗರೆಯುತ್ತಾರೆ. ಸಿಟ್ಟು ಆರಲಿ ಎಂದೇ ನಾನು ಕಾಯಿಸುವುದು.

ಇನ್ನೊಂದು ಕ್ರಮವೂ ಉಂಟು. ಯಾರಾದರೂ ಒಂದು ಜಾತಿಯ ಮೇಲೆ, ಧರ್ಮದ ಮೇಲೆ ಕೆಟ್ಟದಾಗಿ ಬರೆದರೆ ಕೂಡಲೇ ಅಳಿಸುವುದಿಲ್ಲ. ಅವರಿಗೆ ಫೋನು ಮಾಡಿ, "ನೀವು ಬರೆದದ್ದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿ" ಎನ್ನುತ್ತೇನೆ. ಬರೆಯುವಾಗ ಬೆರಳು ಎಡವದಿದ್ದರೂ ಓದುವಾಗ ನಾಲಿಗೆ ಎಡವುತ್ತದೆ. ಅರ್ಧಕ್ಕೇ "ಇರ್ಲಿ ಬಿಡ್ರಿ, ತೆಗೀತೀನಿ" ಎನ್ನುವವರೇ ಹೆಚ್ಚು.

ಆ ಶನಿವಾರ ಬೆಳಗ್ಗೆ ಗುಂಪಿನಲ್ಲಿ ಬಿದ್ದಿದ್ದ ಮೊದಲ ಸಂದೇಶ ನನ್ನ ಭಾವಮೈದನದು. ಅವನು ರೊಳ್ಳದ ಹತ್ತಿರ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾನೆ. ಹುಳು ಮೇಯುತ್ತಿರುವಾಗ ಅವನಷ್ಟು ಒಳ್ಳೆಯ ಸದಸ್ಯ ಇನ್ನೊಬ್ಬನಿಲ್ಲ. ಸೊಪ್ಪು ತರುವುದು, ಕತ್ತರಿಸುವುದು, ಹಾಸುವುದು, ಕೈಗೆ ಬಿಡುವೇ ಇರುವುದಿಲ್ಲ. ಆದರೆ ಹುಳು ಪೊರೆ ಬಿಡಲು ತಲೆಯೆತ್ತಿ ಸುಮ್ಮನೆ ಕೂರುವ ಹೊತ್ತು ಬರುತ್ತದೆ. ಹುಳು ಜ್ವರಕ್ಕೆ ಕೂತಿವೆ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ. ಹುಳುವಿಗೆ ಜ್ವರ ಬಂತೆಂದರೆ ದೇಶ ಉಳಿಸುವ ಕೆಲಸ ನನ್ನ ಭಾವಮೈದನ ತಲೆಗೆ ಬೀಳುತ್ತದೆ. ಎಲ್ಲಿಂದಲೋ ಬಂದದ್ದನ್ನೆಲ್ಲ ನಮಗೆ ದಾಟಿಸುತ್ತಾನೆ. ಅವನ ಹುಳು ಯಾವ ಜ್ವರದಲ್ಲಿವೆ ಎಂದು ನಾನು ಹೆಂಡತಿಯ ಮೂಲಕ ವಿಚಾರಿಸಿಕೊಂಡೇ ಇರುತ್ತೇನೆ.

ಈ ಸಲ ದಾಟಿಸಿದ್ದು ತೆಲುಗಿನ ಉದ್ದನೆಯ ಬರಹ. ಪೀರು ದೇವರಿಗೆ ಸಕ್ಕರೆ ಕೊಡುವ, ಪೀರನ್ನು ಹೆಗಲ ಮೇಲೆ ಹೊರುವ ಹಿಂದೂಗಳು ಧರ್ಮ ಮಾರಿಕೊಂಡವರು ಎಂದು ಅದರಲ್ಲಿತ್ತು. ಕೆಳಗೆ ಒಂದೇ ಉತ್ತರ. "ನಾನು ಹೊರಾಂವ ಅದೀನ್ರಿ. ನಮಸ್ಕಾರ." ಅದರ ಕೆಳಗೆ, ಅವರು ಗುಂಪಿನಿಂದ ಹೊರಹೋದರು ಎಂಬ ಬೂದು ಬಣ್ಣದ ಗೆರೆ.

ಹೊರಹೋದವರು ನಮ್ಮ ಹಿಂದಿನ ಬೀದಿಯಲ್ಲಿ ಜೀನ್ಸ್ ಹೊಲಿಗೆಯ ಸಣ್ಣ ಯೂನಿಟ್ ನಡೆಸುವವರು. ಊರು ಗುಮ್ಮಘಟ್ಟದ ಹತ್ತಿರದ ಒಂದು ಹಳ್ಳಿ. ಕುರಿ ಕಾಯುವ ಮನೆತನ. ಆ ಹಳ್ಳಿಯ ಮೊಹರಂನಲ್ಲಿ ದೊಡ್ಡ ಪೀರನ್ನು, ಅಂದರೆ ಬಟ್ಟೆ ಸುತ್ತಿದ ಕೋಲಿನ ತುದಿಯ ಲೋಹದ ಹಸ್ತವನ್ನು, ಹೊರುವ ಹೆಗಲು ಅವರ ಮನೆಯದು. ತಂದೆ ಹೊತ್ತರು, ತಂದೆ ತೀರಿಕೊಂಡ ಮೇಲೆ ಇವರು. ಚಂದ್ರ ಕಂಡ ಮೇಲೆ ಅಲಾಯಿ ಕುಣಿಗೆ, ಅಂದರೆ ಹಬ್ಬದಲ್ಲಿ ಬೆಂಕಿ ಹಾಕುವ ಗುಂಡಿಗೆ, ಮೊದಲ ಗುದ್ದಲಿ ಬೀಳುತ್ತದೆ. ಹೊರುವವರು ಆಗ ಕುಣಿಯ ಬದಿಯಲ್ಲಿ ನಿಂತಿರಬೇಕು. ನಿಲ್ಲದಿದ್ದರೆ ಹಿರಿಯರು ಹೆಗಲನ್ನು ಬೇರೆ ಮನೆಗೆ ಕೊಡುತ್ತಾರೆ. ಕೊಟ್ಟ ಹೆಗಲು ತಿರುಗಿ ಬರುವುದಿಲ್ಲ. ಗುದ್ದಲಿ ಬೀಳುವುದು ಅದೇ ಶನಿವಾರ, ಹೊತ್ತು ಮುಳುಗುವ ಮುಂಚೆ.

ಕಾಫಿ ಕುಡಿದು ನೇರ ಅವರ ಯೂನಿಟ್ಟಿಗೆ ಹೋದೆ. ಮಷೀನುಗಳು ಇನ್ನೂ ಶುರುವಾಗಿರಲಿಲ್ಲ. ಅವರು ನೆಲದ ಮೇಲೆ ಕೂತು ಪ್ಯಾಂಟುಗಳ ಎಳೆ ಕತ್ತರಿಸುತ್ತಿದ್ದರು.

"ಬರ್ರಿ ಮಾಸ್ತರ್ರ. ನನ್ನ ಹಿಡಿಯಾಕ ಬಂದ್ರೇನು?"

"ಹಿಡಿಯೋಕಲ್ಲ. ಸಂಜೆ ಊರಿಗೆ ಹೋಗ್ತೀರಲ್ಲ?"

"ಇಲ್ರಿ."

"ಯಾಕೆ?"

"ಯಾಕ ಅಂದ್ರ?" ಕತ್ತರಿ ಕೆಳಗಿಟ್ಟರು. "ನಮ್ಮಪ್ಪ ಹೊತ್ತಾಗ ಯಾರೂ ಕೇಳ್ಲಿಲ್ರಿ, ನೀ ಯಾವ ಧರ್ಮದಾಂವ ಅಂತ. ಹಬ್ಬದಾಗ ದೇವ್ರು ಹೊತ್ತಾಂವ ಶ್ರಾವಣದಾಗ ಹನುಮಪ್ಪನ ಭಜನಿಗೂ ಕೂತಾಂವ. ಈಗ ನೋಡ್ರಿ, ಸಂತಿಯಾಗ ಕೇಳ್ತಾರ, ಫೋನ್‍ನಾಗ ಕೇಳ್ತಾರ. ಹೊರಗಿನ ಮಂದಿ ಅಂದ್ರ ಬಿಡ್ತಿದ್ದೆ. ಇದು ನಮ್ಮ ಗುಂಪು. ನಿಮ್ಮ ಬಾಮೈದ ನನ್ನ ಕೈಲೆ ಎರಡು ಜೀನ್ಸ್ ಹೊಲಿಸಿಕೊಂಡು ಹೋದಾಂವ್ರಿ! ಸೊಂಟದ ಅಳತಿ ಸೈತ ನನಗ ಬಾಯಿಪಾಠ ಐತಿ. ಧರ್ಮ ಮಾರಿಕೊಂಡಾಂವ ಹೊಲಿದದ್ದನ್ನ ಹೆಂಗ ಹಾಕ್ಕೊಂತಾನ ಕೇಳ್ರಿ."

"ಅವನು ನಿಮಗೆ ಬರೆದದ್ದಲ್ಲ ಅದು."

"ಹೌದ್ರಿ, ನನಗಲ್ಲ. ಆದ್ರ ಬಂದು ಬಿದ್ದದ್ದು ನನ್ನ ಮ್ಯಾಲ." ಮತ್ತೆ ಕತ್ತರಿ ಎತ್ತಿಕೊಂಡರು. "ನಗ್ಯಾಡಿಸಿಕೊಂಡು ದೇವ್ರು ಹೊರಬಾರದು ಮಾಸ್ತರ್ರ. ಹೆಗಲು ಬ್ಯಾರೆ ಮನಿಗೆ ಹೋಗ್ಲಿ ಬಿಡ್ರಿ."

ಬಿಡಿ ಎಂದವರ ಕತ್ತರಿ ಎಳೆ ಬಿಟ್ಟು ಬಟ್ಟೆಗೇ ತಗಲಿತು. ಅವರೇ ನೋಡಿ ತಮ್ಮನ್ನು ತಾವು ಬೈದುಕೊಂಡರು. ನಾನು ಎದ್ದು ಬಂದೆ.

ಮನೆಗೆ ಬಂದು ಭಾವಮೈದನಿಗೆ ಫೋನು ಮಾಡಿದೆ. ಹೆಂಡತಿ ಅವರೆಕಾಯಿ ಬಿಡಿಸುತ್ತ ಪಕ್ಕದಲ್ಲೇ ಕೂತಳು.

"ಹೇಳಿ ಭಾವ. ಹುಳು ಜ್ವರಕ್ಕೆ ಕೂತವೆ, ಪುರುಸೊತ್ತಾಗಿದೀನಿ."

"ಗೊತ್ತಾಯ್ತು. ರಾತ್ರಿ ಹಾಕಿದ್ದನ್ನು ನನಗೆ ಓದಿ ಹೇಳು."

"ಅಯ್ಯೋ, ನನಗೂ ಆ ಶಿಕ್ಷೆ ಕೊಡ್ತೀರಾ?"

"ಓದು."

ಓದಿದ. ಮೊದಲ ಭಾಗವನ್ನು ಚುನಾವಣಾ ಭಾಷಣದ ಹಾಗೆ ಓದಿದ. ನಡುವೆ ದನಿ ತಗ್ಗಿತು. ಕೊನೆಯ ಸಾಲು, ಪೀರು ಹೊರುವವರ ಮನೆಯ ನೀರನ್ನೂ ಮುಟ್ಟಬಾರದು ಎಂಬಲ್ಲಿಗೆ ಬಂದು ನಿಂತುಬಿಟ್ಟ.

"ಇದೂ ಇತ್ತಾ ಭಾವ? ಇಷ್ಟುದ್ದ ನಾನು ಓದಿರ್ಲಿಲ್ಲ."

"ಓದದೆ ಕಳಿಸಿದೆಯಾ?"

"ಎಲ್ಲಾ ಓದ್ಕೊಂಡು ಕಳಿಸೋಕಾಗುತ್ತಾ? ಆದ್ರೂ ಮೇಲಿಂದೆಲ್ಲ ಸರಿಯಾಗೇ ಐತೆ. ಕೆಳಗಿಂದು ಸ್ವಲ್ಪ ಜಾಸ್ತಿ ಆಯ್ತು."

"ಹೊಲಿಗೆಯವರು ಗುಂಪು ಬಿಟ್ಟರು. ಪೀರು ಹೊರೋರು ಅವರು, ಸಂಜೆ ಕುಣಿಗೆ ಹೋಗಿ ನಿಲ್ಲೋದಿಲ್ಲವಂತೆ. ಅವರ ಅಪ್ಪನ ಕಾಲದ ಹೆಗಲು ಹೋಗುತ್ತೆ."

"ಅವರು ಹೊರ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ ಭಾವ" ಎಂದ. ಆಮೇಲೆ ಮೊಂಡು ಹತ್ತಿತು. "ಅದಕ್ಕೆ ನಾನೇನು ಮಾಡ್ಲಿ? ತಪ್ಪಾಯ್ತು ಅಂತ ಅಷ್ಟು ಜನರ ಮುಂದೆ ಬರೀಲಾ? ಬರಿಯಲ್ಲ" ಎಂದು ಇಟ್ಟುಬಿಟ್ಟ.

ಕ್ರಮದಂತೆ ನಡೆದೆ. ಟೋಕನ್ ಭಾವಮೈದನ ಹತ್ತಿರ ಇದೆ, ಅವನು ಮಾತು ಮುಗಿಸುವ ತನಕ ಬೇರೆ ಯಾರೂ ಬರೆಯಬಾರದು ಎಂದು ಗುಂಪಿನಲ್ಲಿ ಹಾಕಿದೆ. ಅವನು ಬರೆಯಲಿಲ್ಲ. ಗುಂಪು ಹೊರ ಸಿಗ್ನಲ್ಲಿನಲ್ಲಿ ನಿಂತ ಗಾಡಿಯಂತೆ ನಿಂತಿತು. ಒಂಬತ್ತಾಯಿತು, ಹತ್ತಾಯಿತು. ನನ್ನ ಟೋಕನ್ನು ನನ್ನನ್ನೇ ಕಟ್ಟಿಹಾಕಿತ್ತು. ಅವನಿಂದ ಕಿತ್ತುಕೊಳ್ಳುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಹೊತ್ತು ಮಾತ್ರ ಏರುತ್ತಿತ್ತು.

ನನ್ನ ಹೆಂಡತಿ ಆ ಗುಂಪಿನಲ್ಲಿ ಇದ್ದೂ ಇಲ್ಲದವಳು. ಒಂದು ದಿನವೂ ಒಂದಕ್ಷರ ಬರೆದವಳಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ತನ್ನ ಫೋನು ಎತ್ತಿಕೊಂಡಳು. ಬಾಯಿಗೆ ಹತ್ತಿರ ಹಿಡಿದು, ಹೊಲದಾಚೆಯವರನ್ನು ಕರೆಯುವ ದನಿಯಲ್ಲಿ ಶುರುಮಾಡಿದಳು.

"ಏನೋ, ಕೇಳಿಸ್ಕೊ. ನೀನು ಹುಟ್ಟಿ ಮೂರು ವರ್ಷ ನಡೀಲಿಲ್ಲ, ನೆಪ್ಪೈತಾ? ನಿನಗೆಲ್ಲಿ ನೆಪ್ಪಿರುತ್ತೆ. ಅಮ್ಮ ಪೀರು ದೇವರಿಗೆ ಹರಕೆ ಹೊತ್ಕೊಂಡು ನಿನ್ನ ಫಕೀರ ಮಾಡ್ಸಿದ್ಲು. ಕೊಳ್ಳಾಗೆ ಕೆಂಪು ದಾರ, ತಲೆ ಮೇಲೆ ಹಸಿರು ರುಮಾಲು. ಐದು ಮನೆ ಬಿಕ್ಷೆ ಎತ್ಸಿದ್ದು ನಾನೇ, ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು. ಬಿಕ್ಷೆ ಹಾಕಿದ ಬೆಲ್ಲ ದಾರ್ಯಾಗೆ ಮುಗಿಸ್ಬಿಟ್ಟೆ ಕಳ್ಳ. ಧರ್ಮ ಅವಾಗ್ಲೇ ಮಾರಾಗೈತೆ ಕಣೋ, ಇವಾಗ ಯಾಕೆ ಲೆಕ್ಕ ಕೇಳ್ತೀಯ?"

ನಾನು ತಡೆಯುವಷ್ಟರಲ್ಲಿ ಆ ದನಿ ಸಂದೇಶ ಗುಂಪಿಗೆ ಹೋಗಿತ್ತು.

"ಟೋಕನ್ ನಿನ್ನ ಹತ್ತಿರ ಇರಲಿಲ್ಲ" ಎಂದೆ.

"ಅವನು ನನ್ನ ತಮ್ಮ ರೀ. ಅವನ್ನ ಬೈಯೋಕೆ ರೈಲ್ವೇದೋರ ಪರ್ಮಿಶನ್ ಬೇಕಾ?"

ಗುಂಪಿನಲ್ಲಿ ಯಾರೂ ಮಾತು ಬರೆಯಲಿಲ್ಲ, ನಿಯಮ ಪಾಲಿಸಿದರು. ಆದರೆ ನಗುವ ಮುಖಗಳು ಒಂದರ ಹಿಂದೊಂದು ಬಂದು ಬಿದ್ದವು. ಮುಖಗಳಿಗೆ ಟೋಕನ್ ಬೇಕೋ ಬೇಡವೋ ಎಂದು ನಾನು ಮೊದಲೇ ಹೇಳಿರಲಿಲ್ಲ.

ಭಾವಮೈದ ಅಕ್ಕನಿಗೇ ಫೋನು ಮಾಡಿದ. ದನಿ ನನಗೂ ಕೇಳಿಸುತ್ತಿತ್ತು.

"ಅಕ್ಕ! ಮನೆ ಮಾತನ್ನ ಗುಂಪಿನಾಗೆ ಹೇಳ್ತಾರಾ?"

"ನೀನು ಎಲ್ಲಿ ಹೇಳ್ದೆ? ಹುಳದ ಮನೇಲಾ?"

"ನಾನು ಯಾರ ಹೆಸರೂ ಎತ್ತಿರ್ಲಿಲ್ಲ."

"ನಾನೂ ಎತ್ತಿಲ್ಲ. 'ಏನೋ' ಅಂದೆ ಅಷ್ಟೆ."

ಆ ಕಡೆ ನಗಲಾರದೆ ನಕ್ಕದ್ದು ಕೇಳಿಸಿತು. ಆಮೇಲೆ ಮೆತ್ತಗೆ, "ಅಮ್ಮ ಎಷ್ಟು ವರ್ಷ ಹೊತ್ಕೊಂಡಿದ್ಲಕ್ಕ?" ಎಂದು ಕೇಳಿದ.

"ನೀನು ಬದುಕಿರೋ ತನಕ ವರ್ಷಕ್ಕೊಂದು ಸಲ ಸಕ್ಕರೆ ಓದಿಸ್ತೀನಿ ಅಂದಿದ್ಲು. ಅವಳಿರೋ ತನಕ ಓದಿಸಿದ್ಲು."

ಸಕ್ಕರೆ ಓದಿಸುವುದೆಂದರೆ ಪೀರಿನ ಮುಂದೆ ಸಕ್ಕರೆ ಇಟ್ಟು ಹೆಸರು ಹೇಳಿಸಿ ಹಂಚುವುದು. ಅವನು ಫೋನು ಇಟ್ಟ.

ಊಟವಾದ ಮೇಲೆ ನಾನು ಎಂದಿನಂತೆ ಮಲಗಲಿಲ್ಲ. ಮೂರು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಬೈಕು ನಿಂತಿತು. ಹೊಲಿಗೆಯವರು. ಮೈಮೇಲೆ ನೀಲಿ ಬಟ್ಟೆಯ ದೂಳು ಹಾಗೇ ಇತ್ತು. ಒಳಗೆ ಬರದೆ ಮೆಟ್ಟಿಲ ಮೇಲೇ ನಿಂತರು.

"ನಿಮ್ಮ ಬಾಮೈದ ಫೋನ್ ಮಾಡಿದ್ರಿ ಮಾಸ್ತರ್ರ."

"ಏನಂದ? ತಪ್ಪಾಯ್ತು ಅಂದನಾ?"

"ಎಲ್ಲಿದ್ರಿ! ಮೊದ್ಲು ಜೀನ್ಸ್ ಸೊಂಟದಾಗ ಬಿಗಿ ಆಗೈತಿ ಅಂದ. ಬಿಗಿ ಆಗಿದ್ದು ಜೀನ್ಸ್ ಅಲ್ಲೋ ಮಾರಾಯ, ನೀ ದಪ್ಪ ಆಗೀದಿ ಅಂದೆ. ಆಮ್ಯಾಲೆ ಅಂದ್ನೋಡ್ರಿ, 'ನನ್ನ ಹೆಸರಿನಾಗೆ ಸಕ್ಕರೆ ಓದಿಸ್ಬೇಕು, ನಮ್ಮಮ್ಮ ಹೊತ್ಕೊಂಡಿದ್ದು ಬಾಕಿ ಐತೆ, ನೀವೇ ಓದಿಸ್ಬೇಕು' ಅಂತ."

ನನ್ನ ಹೆಂಡತಿ ಒಳಗಿನಿಂದ ಬಂದಳು. "ನೀವೇನಂದ್ರಿ?"

"ಏನನ್ನಾಕ ಬರ್ತೈತ್ರಿ ಅಕ್ಕಾರ? ಹೊರಾಂವಗ ಯಾರರ ಸಕ್ಕರಿ ಕೊಟ್ರ ಒಲ್ಲೆ ಅನ್ನಂಗಿಲ್ಲ. ಅದು ನಮ್ಮಪ್ಪ ಹಾಕಿಕೊಟ್ಟಿದ್ದು. ವೈರಿ ಕೊಟ್ರೂ ತಗಳಬೇಕು." ಕರ್ಚೀಫಿನಿಂದ ಮುಖ ಒರೆಸಿಕೊಂಡರು. "ತಗಂಡ್ರ ಹೊರಬೇಕು. ಹೊರದಾಂವ ಸಕ್ಕರಿ ಮುಟ್ಟಂಗಿಲ್ಲ. ನಿಮ್ಮ ತಮ್ಮ ಅದು ಗೊತ್ತಿದ್ದ ಹೇಳ್ಯಾನೋ, ಗೊತ್ತಿಲ್ದ ಹೇಳ್ಯಾನೋ, ನನ್ನ ಮಾತ್ರ ಸರಿಯಾಗಿ ಸಿಗಿಸ್ಯಾನ್ರಿ."

"ಸಿಟ್ಟು?" ಎಂದೆ ನಾನು.

"ಸಿಟ್ಟು ಐತ್ರಿ. ಅದೆಲ್ಲಿ ಹೋಗ್ತೈತಿ? ಹಬ್ಬ ಮುಗೀಲಿ, ಅಂವ ಬರ್ಲಿ, ಜೀನ್ಸ್ ಸಡ್ಲ ಮಾಡೋ ಹೊತ್ತಿನ್ಯಾಗ ಕೇಳ್ತೀನಿ." ಬೈಕಿನ ಕಡೆ ತಿರುಗಿದರು. "ಸಕ್ಕರಿ ಎಲ್ಲೈತ್ರಿ? ಮಾಸ್ತರ್ರ ಕೈಲೆ ಇಸ್ಕೋರಿ ಅಂದಾನ. ಹೊತ್ತಾತು."

ಹೆಂಡತಿ ಡಬ್ಬಿಯ ಸಕ್ಕರೆ ಕೊಡಲು ಹೊರಟಳು. ನಾನು ಬೇಡವೆಂದೆ. ಬೀದಿಯ ಕೊನೆಯ ಅಂಗಡಿಗೆ ನಡೆದೇ ಹೋಗಿ, ಒಡೆಯದ ಪೊಟ್ಟಣ ತಂದುಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಬೈಕಿನ ಚೀಲದಲ್ಲಿ ಇಡದೆ ಅಂಗಿಯೊಳಗೆ ಎದೆಗೆ ಇಟ್ಟುಕೊಂಡು ಗುಮ್ಮಘಟ್ಟದ ದಾರಿ ಹಿಡಿದರು.

ಅವರು ಹೋದ ಮೇಲೆ ಭಾವಮೈದನಿಗೆ ಫೋನು ಮಾಡಿದೆ.

"ಈಗ ನಂಬ್ತೀಯಾ ಪೀರನ್ನ?"

"ನಂಬೋದು ಬಿಡೋದು ಬೇರೆ ಭಾವ. ಅಮ್ಮ ಹೊತ್ಕೊಂಡಿದ್ದು ಅದು. ಒಳ್ಳೆ ಸಕ್ಕರೆ ಕೊಟ್ರಾ?"

"ಕೊಟ್ಟೆ. ಹೊರೋನು ಸಕ್ಕರೆ ಬೇಡ ಅನ್ನೋ ಹಾಗಿಲ್ಲ ಅಂತ ನಿನಗೆ ಗೊತ್ತಿತ್ತಾ?"

"ಸೊಪ್ಪು ಹಾಕೋ ಹೊತ್ತಾಯ್ತು ಭಾವ, ಹುಳು ಎದ್ದವೆ" ಎಂದು ಇಟ್ಟುಬಿಟ್ಟ.

ಅವನು ಗುಂಪಿನಲ್ಲಿ ಏನನ್ನೂ ಬರೆಯಲಿಲ್ಲ. ಬರೆಯುವವನೂ ಅಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಎಷ್ಟೋ ವರ್ಷದಿಂದ ಈ ಜನರ ಜಗಳ ನೋಡಿಕೊಂಡು ಬಂದಿದ್ದೇನೆ. ಬಾಗುವವರು ಇವರು, ಆದರೆ ಬಾಗುವಾಗ ಯಾರೂ ನೋಡಬಾರದು.

ಹೊತ್ತು ಮುಳುಗುವ ಮುಂಚೆ ನನ್ನ ನಂಬರಿಗೆ ಒಂದು ಫೋಟೊ ಬಂತು. ಹೊಸದಾಗಿ ಅಗೆದ ಕೆಂಪು ಮಣ್ಣು, ಗುದ್ದಲಿ ಹಿಡಿದ ಮುದುಕರು, ಕುಣಿಯ ಬದಿಯಲ್ಲಿ ಅಂಗಿ ಬಿಚ್ಚಿ ಟವೆಲ್ ಹೊದ್ದು ನಿಂತ ನಮ್ಮ ಹೊಲಿಗೆಯವರು. ಕೆಳಗೆ, "ಸಕ್ಕರಿ ಮುಟ್ಟೈತಿ ಅಂತ ಅಂವಗ ಹೇಳ್ರಿ."

"ನೀವೇ ಹೇಳಿ" ಎಂದು ಬರೆದು ಅವರನ್ನು ಗುಂಪಿಗೆ ಸೇರಿಸಿದೆ. ಟೋಕನ್ ಭಾವಮೈದನಿಂದ ವಾಪಸು ಬಂತೆಂದು ಹಾಕಿದೆ. ಆ ತೆಲುಗಿನ ಬರಹವನ್ನು ಹುಡುಕಿ ಅಳಿಸಿದೆ.

"ನನ್ನದು?" ಎಂದಳು ಹೆಂಡತಿ.

ಟೋಕನ್ ಇಲ್ಲದೆ ಬಂದದ್ದನ್ನು ಇಟ್ಟುಕೊಳ್ಳುವ ಕ್ರಮವಿಲ್ಲ. ಅವಳೆದುರಿಗೇ ಅದನ್ನು ಇನ್ನೊಂದು ಸಲ ಪೂರ್ತಿ ಕೇಳಿದೆ. ಆಮೇಲೆ ಅದನ್ನೂ ಅಳಿಸಿದೆ.