ಒಂಬತ್ತು ದಿನ, ಇಪ್ಪತ್ತೆರಡು ಮಹಡಿ

ಆಗಸ್ಟ್ 11, ಭಾನುವಾರ. ನಾನು 3, ಅಪ್ಪ 3.

ಚಾರಣದ ಸಿದ್ಧತೆಗೆಂದು ಇಟ್ಟ ಡೈರಿಯ ಮೊದಲ ಸಾಲು ಇದು. ನೋಯ್ಡಾದಲ್ಲಿ ನಾನೂ ಅಪ್ಪನೂ ಬಾಡಿಗೆಗಿದ್ದ ಟವರಿಗೆ ಇಪ್ಪತ್ತೆರಡು ಮಹಡಿ, ನಮ್ಮ ಮನೆ ನಾಲ್ಕನೆಯದರಲ್ಲಿ. ಬೆಳಿಗ್ಗೆ ಐದೂವರೆಗೆ ಲಿಫ್ಟಿನಲ್ಲಿ ಕೆಳಗೆ ಬಂದು, ಬೆನ್ನಿಗೆ ಗೋಧಿಹಿಟ್ಟಿನ ಚೀಲ ತುಂಬಿದ ಬ್ಯಾಗು ಹಾಕಿಕೊಂಡು, ಮೆಟ್ಟಿಲು ಹಿಡಿದು ಕೊನೆಯ ಮಹಡಿಯವರೆಗೆ ಹತ್ತುತ್ತಿದ್ದೆವು. ಮತ್ತೆ ಲಿಫ್ಟಿನಲ್ಲಿ ಕೆಳಗೆ, ಮತ್ತೆ ಮೆಟ್ಟಿಲು. ಒಂದು ಸಲ ಹತ್ತಿದರೆ ಒಂದು ಗೆರೆ. ದೆಹಲಿಯ ಸುತ್ತಮುತ್ತ ಬೆಟ್ಟ ಎಲ್ಲಿಂದ ತರುವುದು? ಇದ್ದದ್ದು ಇದೊಂದೇ.

ನಮ್ಮ ಗೇಟಿನ ಗಾರ್ಡ್ ನಾವು ಚಾರಣಕ್ಕೆ ಹೊರಟಿದ್ದ ಬೆಟ್ಟಸೀಮೆಯಾದ ಗಢವಾಲದವರು, ಅಪ್ಪನ ಹಾಗೆಯೇ ಸೇನೆಯಿಂದ ನಿವೃತ್ತರಾದವರು. ಬೆವರು ಒರೆಸಿಕೊಳ್ಳುತ್ತಾ ಲಿಫ್ಟಿನಿಂದ ಹೊರಬರುವ ನಮ್ಮನ್ನು ನೋಡಿ ದಿನಾ ಹಿಂದಿಯಲ್ಲಿ ಒಂದೇ ಮಾತು ಹೇಳುತ್ತಿದ್ದರು. "ಸೂಬೇದಾರ್ ಸಾಬ್, ನಮ್ಮ ಬೆಟ್ಟದಲ್ಲಿ ಲಿಫ್ಟ್ ಹಾಕಿಸಿದ್ದಾರಾ? ನನಗೆ ಯಾರೂ ಹೇಳಲೇ ಇಲ್ಲ."

"ನೀನು ರಜೆ ಹಾಕಿ ಹೋಗಿ ನೋಡಿ ಬಾ" ಎಂದು ಅಪ್ಪ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಮಗಿದ್ದದ್ದು ಒಂಬತ್ತು ದಿನ. ಅಕ್ಟೋಬರ್ 5ರ ಶನಿವಾರದಿಂದ 13ರ ಭಾನುವಾರದವರೆಗೆ. ಆ ವರ್ಷ ದಸರಾ ರಜೆ ಶನಿವಾರಕ್ಕೇ ಬಂದು ದಂಡವಾಗಿತ್ತು, ಹಾಗಾಗಿ ಆಫೀಸಿನಲ್ಲಿ ಐದು ರಜೆ ಹಾಕಬೇಕಾಯಿತು. ಅಪ್ಪ ಪಕ್ಕದ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಅವರ ಬದಲಿಗೆ ನಿಲ್ಲುವವರು ಸಿಕ್ಕಿದ್ದೂ ಅಷ್ಟೇ ದಿನಕ್ಕೆ. ಮುಂದಕ್ಕೆ ಹಾಕುವಂತಿರಲಿಲ್ಲ. ಅಕ್ಟೋಬರ್ ಮುಗಿಯುತ್ತಾ ಬಂದರೆ ನಾವು ದಾಟಬೇಕೆಂದಿದ್ದ ಬೆಟ್ಟದ ನೆತ್ತಿಗೆ ಹಿಮ ಬೀಳುತ್ತದೆ. ನವೆಂಬರ್ ಒಂದರಿಂದ ನನಗೆ ಹೈದರಾಬಾದಿಗೆ ವರ್ಗ. ಅಪ್ಪನ ಜೊತೆ ಒಂದೇ ಮನೆಯಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಅದು ನನ್ನ ಜೀವನದಲ್ಲೇ ಮೊದಲ ಸಲ, ಬಹುಶಃ ಕೊನೆಯ ಸಲವೂ.

ಲೆಕ್ಕ ಹಾಕುವ ನನ್ನ ಚಾಳಿ ಶುರುವಾದದ್ದೇ ಅಪ್ಪನ ರಜೆಯಿಂದ. ಸೋಮವಾರಪೇಟೆಯ ಮನೆಗೆ ಅವರು ಬಂದ ದಿನ, ಬೂಟು ಬಿಚ್ಚುವ ಮೊದಲೇ ನಾನು ಹಿಂದಿರುಗುವ ಟಿಕೆಟ್ಟು ಕೇಳುತ್ತಿದ್ದೆ. ಟಿಕೆಟ್ಟಿನ ತಾರೀಖು ನೋಡಿ, ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಅಷ್ಟು ಗೆರೆ ಎಳೆದು, ದಿನಕ್ಕೊಂದರಂತೆ ಅಳಿಸುತ್ತಿದ್ದೆ. ರೈಲಿನಲ್ಲಿ ಹೋಗಿಬರುವ ದಿನಗಳನ್ನು ಕಳೆದರೆ ಕೈಗೆ ಸಿಗುತ್ತಿದ್ದದ್ದು ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಎಲ್ಲಿದ್ದಿರಿ ಅಪ್ಪಾ ಎಂದರೆ "ಮೇಲೆ ಇದ್ದೆ" ಎನ್ನುತ್ತಿದ್ದರು. ಅಷ್ಟೇ. ಊರಿಲ್ಲ, ಹೆಸರಿಲ್ಲ, ಬರೀ ಮೇಲೆ. ಆ ಮೇಲೆ ಅನ್ನುವುದು ಹೇಗಿರುತ್ತದೆ ಎಂದು ಅವರ ಜೊತೆಯಲ್ಲೇ ನಡೆದು ನೋಡಬೇಕು. ನನಗೆ ಬೇಕಾಗಿದ್ದದ್ದು ಇದೇ. ಇದನ್ನು ಅಪ್ಪನಿಗೆ ಹೇಳಿರಲಿಲ್ಲ. ಒಂದು ಟ್ರೆಕ್ ಹೋಗೋಣ ಅಂದಿದ್ದೆ.

ಯೋಜನೆ ಹೀಗಿತ್ತು. ಶುಕ್ರವಾರ ಸಂಜೆ ದೆಹಲಿಯ ಕಾಶ್ಮೀರಿ ಗೇಟ್ ನಿಲ್ದಾಣದಿಂದ ಬಸ್ಸು. ಶನಿವಾರ ತಲುಪಿ ವಿಶ್ರಾಂತಿ. ಆರು ದಿನ ನಡಿಗೆ, ಎಪ್ಪತ್ತೆರಡು ಕಿಲೋಮೀಟರ್. ನಾಲ್ಕು ದಿನ ಹತ್ತುವುದು, ನೆತ್ತಿ ದಾಟುವುದು, ಎರಡು ದಿನ ಆಚೆ ಬದಿಗೆ ಇಳಿಯುವುದು. ವಾಪಸು ಬರಲು ಒಂದು ದಿನ. ಅದಲ್ಲದೆ ಇನ್ನೊಂದು ದಿನ ಹಾಗೇ ಕೈಯಲ್ಲಿರಬೇಕು. ಅದು ಅಪ್ಪನ ನಿಯಮ. "ಮಳೆಗೆ ನಿನ್ನ ಡೈರಿ ಓದೋಕೆ ಬರಲ್ಲ, ಪುಟ್ಟಿ."

ಸೆಪ್ಟೆಂಬರ್ 14ರ ಹೊತ್ತಿಗೆ ನನ್ನ ಸಾಲಿನಲ್ಲಿ 126 ಗೆರೆ, ಅಪ್ಪನದರಲ್ಲಿ 119. ಐವತ್ತಾರು ವರ್ಷದವರು ನನಗಿಂತ ಏಳೇ ಗೆರೆ ಹಿಂದೆ. ಆ ರಾತ್ರಿ ಅಡಿಯಲ್ಲಿ "ತಯಾರಿ ತೃಪ್ತಿಕರ" ಎಂದು ಬರೆದೆ. ಆ ಸಾಲು ಈಗಲೂ ಇದೆ, ಹೊಡೆದುಹಾಕಿಲ್ಲ.

ಮರುದಿನ ಭಾನುವಾರ. ಎರಡನೇ ಸಲ ಹತ್ತಿ ಇಪ್ಪತ್ತೆರಡಕ್ಕೆ ಬಂದಾಗ ಲಿಫ್ಟ್ ನಿಂತಿತ್ತು. ಎರಡೂ. ಗಾರ್ಡಿಗೆ ಫೋನ್ ಮಾಡಿದೆ. ರಿಪೇರಿಯವರು ಬರುವುದು ಹತ್ತು ಗಂಟೆಗಂತೆ.

"ನೀನು ನಡಿ. ನಾನು ಸ್ವಲ್ಪ ಗಾಳಿ ತಗೊಂಡು ಬರ್ತೀನಿ" ಎಂದರು ಅಪ್ಪ.

ನಾನು ಎರಡೆರಡು ಮೆಟ್ಟಿಲು ಹಾರುತ್ತಾ ಆರು ನಿಮಿಷದಲ್ಲಿ ಕೆಳಗಿದ್ದೆ. ಗಾರ್ಡ್ ಚಹಾ ಕೊಟ್ಟರು. ಚಹಾ ಮುಗಿಯಿತು. ಐದು ನಿಮಿಷ, ಹತ್ತು ನಿಮಿಷ. "ಸಾಬ್ ಮೇಲೇ ಪೋಸ್ಟಿಂಗ್ ತಗೊಂಡ್ರಾ?" ಎಂದರು. ನಾನು ಬ್ಯಾಗು ಅಲ್ಲೇ ಇಟ್ಟು ಹತ್ತತೊಡಗಿದೆ.

ಅಪ್ಪ ಸಿಕ್ಕಿದ್ದು ಹದಿಮೂರನೇ ಮಹಡಿಯಲ್ಲಿ. ಮೊದಲು ಕಂಡದ್ದು ಅವರ ಬೆನ್ನು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಮುಖ ಮೇಲಕ್ಕೆ ಮಾಡಿ, ಏಣಿ ಇಳಿಯುವವರ ಹಾಗೆ ಹಿಮ್ಮುಖವಾಗಿ ಒಂದೊಂದೇ ಕಾಲು ಕೆಳಗಿಡುತ್ತಿದ್ದರು. ಅಂಗಿಯ ಬೆನ್ನು ಪೂರಾ ಒದ್ದೆ. ಹತ್ತುವಾಗ ಅಷ್ಟು ಬೆವರಿದ್ದನ್ನು ನಾನು ನೋಡಿರಲಿಲ್ಲ.

"ಏನಪ್ಪಾ ಇದು?"

"ರಿವರ್ಸ್ ಗೇರ್" ಎಂದರು, ತಿರುಗದೆಯೇ.

"ಎಷ್ಟು ದಿನದಿಂದ?"

"ಮಂಡಿ ತಾನೇ. ಹತ್ತೋಕೆ ಏನೂ ತೊಂದರೆ ಇಲ್ಲ, ನೀನೇ ಬರ್ಕೊಂಡಿದ್ದೀಯಲ್ಲ."

ಬರೆದುಕೊಂಡಿದ್ದೆ. ಹತ್ತಿದ್ದನ್ನೆಲ್ಲ ಬರೆದುಕೊಂಡಿದ್ದೆ. ಇಬ್ಬರೂ ಸೇರಿ ಇನ್ನೂರ ನಲವತ್ತೈದು ಗೆರೆ, ಅದರಲ್ಲಿ ಕಾಲಲ್ಲಿ ಇಳಿದದ್ದು ಒಂದೂ ಇರಲಿಲ್ಲ. ಸಮಯ ಉಳಿಸಲೆಂದು ಲಿಫ್ಟು ಎಂದಿದ್ದು ನಾನೇ, ಅಪ್ಪ ಸುಮ್ಮನೆ ಒಪ್ಪಿದ್ದರು. ಮೆಟ್ರೋ ನಿಲ್ದಾಣಗಳಲ್ಲಿ ಅವರು ಲಿಫ್ಟ್ ಎಲ್ಲಿದೆ ಎಂದು ಹುಡುಕುತ್ತಿದ್ದದ್ದು ಆಗ ನೆನಪಾಯಿತು. ಸರೋಜಿನಿ ನಗರದಲ್ಲಿ ಚಾರಣಕ್ಕೆಂದು ಜಾಕೆಟ್ ಕೊಳ್ಳಲು ಹೋದಾಗಲೂ ಹಾಗೇ ಮಾಡಿದ್ದರು. ಪಕ್ಕದಲ್ಲಿ ಮೊಬೈಲಿನಲ್ಲಿ ಚಾರಣದ ನಕ್ಷೆ ನೋಡುತ್ತಾ ನಿಂತಿದ್ದವಳು ನಾನು.

ಕೆಳಗೆ ಮುಟ್ಟಿದಾಗ ಒಟ್ಟು ನಲವತ್ತೊಂದು ನಿಮಿಷ. ಎರಡು ದಿನ ನಿರಂತರ ಇಳಿಯುವ ದಾರಿಗೆ ಇದನ್ನು ಹೇಗೆ ಗುಣಿಸಿದರೂ ಆಗುತ್ತಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಊರಿನ ಶಾಲೆಯಲ್ಲಿ ಇನ್ನೂ ಎರಡು ವರ್ಷ ಸರ್ವೀಸ್ ಇತ್ತು. ಅದಕ್ಕೇ ಅವಳು ಅಲ್ಲಿ, ಅಪ್ಪ ಇಲ್ಲಿ. "ನಂಗೆ ಗೊತ್ತಿತ್ತು ಕಣೇ. ಅವರು ರಿಟೈರಾಗಿ ಬಂದ ದಿನ ಬಸ್ಸಿಂದ ಎಲ್ಲರಿಗಿಂತ ಕೊನೇಗೆ ಇಳಿದ್ರು. ನಿನಗೆ ಹೇಳ್ಬೇಡ ಅಂದ್ರು" ಎಂದಳು.

"ಹೇಳಬಾರದಿತ್ತಾ?"

"ನಿನಗೆ ಹೇಳಿದ್ರೆ ನೀನು ಅದನ್ನೂ ಬರೀತಿದ್ದೆ" ಎಂದಳು ಅಮ್ಮ.

ಅಂದು ಊಟಕ್ಕೆ ಕುಳಿತಾಗ ಅಪ್ಪ ಹೇಳಿದರು: "ಕ್ಯಾನ್ಸಲ್ ಮಾಡ್ಬೇಡ. ನಿನ್ನ ಆಫೀಸಿನವರ ಜೊತೆ ಹೋಗು. ನಿನಗೆ ಒಂಬತ್ತು ದಿನ ಮತ್ತೆ ಸಿಗಲ್ಲ."

"ಆಫೀಸಿನವರು ಒಬ್ಬರೂ ನೂರಾ ಹತ್ತೊಂಬತ್ತು ಸಲ ಹತ್ತಿಲ್ಲ."

"ಹುಡುಗರು, ಹತ್ತುತ್ತಾರೆ ಬಿಡು."

"ಅವರ ಜೊತೆ ಹೋಗೋದಾಗಿದ್ರೆ ನಾನು ಶಾಪಿಂಗ್ ಮಾಲಿಗೆ ಹೋಗ್ತಿದ್ದೆ."

ಅವರು ನಗಲಿಲ್ಲ. ಮೂರು ದಿನ ಡೈರಿಯಲ್ಲಿ ಏನೂ ಇಲ್ಲ. ಆಗಸ್ಟಿನಿಂದ ಖಾಲಿ ಬಿಟ್ಟ ಪುಟಗಳು ಅವು ಮಾತ್ರ. ನಾನು ಐದೂವರೆಗೆ ಏಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅವರೂ ಎದ್ದಿರುವುದು ಕೇಳುತ್ತಿತ್ತು. ಇಬ್ಬರೂ ಬಾಗಿಲು ತೆರೆಯುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹಾಗೆ ಎಚ್ಚರವಾಗಿ ಮಲಗಿದ್ದಾಗ ಗಾರ್ಡಿನ ತಮಾಷೆ ನೆನಪಾಯಿತು. ಬೆಟ್ಟದಲ್ಲಿ ಲಿಫ್ಟ್ ಇಲ್ಲ, ನಿಜ. ಆದರೆ ಬಸ್ಸು? ಎದ್ದು ನಕ್ಷೆ ತೆಗೆದೆ. ನೆತ್ತಿ ದಾಟುವ ದಾರಿಗಳನ್ನೆಲ್ಲ ಬಿಟ್ಟು, ಕೆಳಗಿನಿಂದ ಶುರುವಾಗಿ ಮೇಲೆಯೇ ಮುಗಿಯುವ ದಾರಿ ಹುಡುಕಿದೆ. ಒಂದು ನದಿ ಕಣಿವೆ ಸಿಕ್ಕಿತು. ಒಂದು ದಡದಲ್ಲಿ ಟಾರು ರಸ್ತೆ, ಎದುರು ದಡದಲ್ಲಿ ಹಳೆಯ ಕಾಲುದಾರಿ. ಎರಡೂ ಕೊನೆಗೆ ಒಂದೇ ಹಳ್ಳಿ ಸೇರುತ್ತವೆ. ಐವತ್ತೆರಡು ಕಿಲೋಮೀಟರ್.

ಚಹಾದ ಜೊತೆ ನಕ್ಷೆಯನ್ನೂ ಅಪ್ಪನ ಮುಂದಿಟ್ಟೆ. "ಹತ್ತೋಕೆ ಕಾಲು, ಇಳಿಯೋಕೆ ಬಸ್ಸು. ನಾವು ಅಭ್ಯಾಸ ಮಾಡಿದ್ದೂ ಅದನ್ನೇ."

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನೆತ್ತಿ ಹೋಯ್ತಲ್ಲ."

"ಹೋಯ್ತು."

"ನನಗೋಸ್ಕರ ಬಿಡ್ತಿದ್ದೀಯಾ?"

"ನಿಮ್ಮ ಜೊತೆ ಹೋಗೋದಕ್ಕೋಸ್ಕರ ಬಿಡ್ತಿದ್ದೀನಿ."

ಅವರು ಸೂಬೇದಾರರ ದನಿಯಲ್ಲಿ ಕೇಳಿದರು: "ಬಸ್ಸು ದಿನಕ್ಕೆಷ್ಟು?"

"ಒಂದು. ಬೆಳಿಗ್ಗೆ ಏಳಕ್ಕೆ."

"ತಪ್ಪಿದರೆ?"

"ಕೈಯಲ್ಲಿ ಒಂದು ದಿನ ಇದೆ."

"ದಾರೀಲಿ ಇಳಿಯೋದು ಎಲ್ಲೂ ಇಲ್ವಾ? ಸುಳ್ಳು ಹೇಳ್ಬೇಡ."

"ಎರಡು ಕಡೆ ಇದೆ. ಹಳ್ಳ ದಾಟೋಕೆ."

"ಎಷ್ಟು ಮಹಡಿ?"

ಅದನ್ನೂ ಲೆಕ್ಕ ಹಾಕಿಟ್ಟಿದ್ದೆ. "ಮೊದಲನೇದು ಹದಿನಾಲ್ಕು, ಎರಡನೇದು ಒಂಬತ್ತು."

ಅವರು ಚಹಾ ಕುಡಿದು ಲೋಟ ಕೆಳಗಿಟ್ಟರು. "ಅಚ್ಛಾ. ಹಾಗಾದ್ರೆ ನಾಳೆಯಿಂದ ಇಳಿದದ್ದನ್ನೂ ಬರಿ."

ಸೆಪ್ಟೆಂಬರ್ 20, ಶುಕ್ರವಾರ. ಅಪ್ಪ: ಹತ್ತಿದ್ದು 2 ಸಲ. ಇಳಿದದ್ದು 5 ಮಹಡಿ, ಹಿಮ್ಮುಖ, 9 ನಿಮಿಷ. ಅಕ್ಟೋಬರ್ 3ರ ಹೊತ್ತಿಗೆ ಆ ಕಾಲಂ ಹದಿನಾಲ್ಕಕ್ಕೆ ಬಂದಿತ್ತು. ಗಾರ್ಡ್ ತಮಾಷೆ ನಿಲ್ಲಿಸಿ, ತಮ್ಮ ಊರುಗೋಲನ್ನು ತಂದುಕೊಟ್ಟರು.

ನಾವು ಹೋದೆವು. ಮೊದಲ ಹಳ್ಳಕ್ಕೆ ಇಳಿಯುವಾಗ ಅಪ್ಪ ಯಾವ ಸಂಕೋಚವೂ ಇಲ್ಲದೆ ಬೆಟ್ಟದ ಕಡೆ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಇಟ್ಟರು. ನಾನು ಅವರ ಕೆಳಗೆ ನಿಂತು, ಎಡಗಡೆ ಕಲ್ಲು, ಬಲಗಡೆ ಬೇರು ಎಂದು ಹೇಳುತ್ತಾ ಹೋದೆ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎದುರಿನಿಂದ ಹುಲ್ಲು ಹೊತ್ತು ಬಂದ ಹೆಂಗಸು ನಿಂತು ನೋಡಿ, ದಾರಿ ಬಿಟ್ಟಳು.

ಆರನೇ ದಿನ ಮಧ್ಯಾಹ್ನ ಕೊನೆಯ ಹಳ್ಳಿ ಮುಟ್ಟಿದೆವು. ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತು ಬೂಟು ಸಡಿಲಿಸುತ್ತಿದ್ದ ಅಪ್ಪನನ್ನು ಕೇಳಿದೆ: "ನೀವು ಹೇಳ್ತಿದ್ದ ಮೇಲೆ ಅಂದ್ರೆ ಇದೇನಾ?"

ಅವರು ತಲೆ ಎತ್ತಿ ಕಣಿವೆಯ ತುದಿಯಲ್ಲಿ ಬೆಳ್ಳಗೆ ನಿಂತಿದ್ದ ಸಾಲನ್ನು ಗಲ್ಲದಿಂದ ತೋರಿಸಿದರು. "ಇದಲ್ಲ ಪುಟ್ಟಿ. ಅಂಥ ಜಾಗ. ಅಲ್ಲಿ ಆ ಮೂಲೆ ಕಾಣುತ್ತಲ್ಲ, ಹಾಗಿರೋ ಕಡೆ ಒಂದು ಚಳಿಗಾಲ ಇದ್ವಿ. ನಿನಗೆ ಆಗ ಎರಡನೇ ಕ್ಲಾಸು."

ಆಮೇಲೆ ಅವರು ಹೇಳತೊಡಗಿದರು. ಎಷ್ಟು ಜನರಿದ್ದರು, ನೀರು ಹೇಗೆ ಕಾಯಿಸುತ್ತಿದ್ದರು, ನಾನು ಬರೆದ ಕಾಗದ ಎಷ್ಟು ತಡವಾಗಿ ಮುಟ್ಟುತ್ತಿತ್ತು. ಡೈರಿ ಬ್ಯಾಗಿನಲ್ಲೇ ಇತ್ತು. ನಾನು ಅದನ್ನು ತೆಗೆಯಲಿಲ್ಲ. ಬಸ್ಸಿಗೆ ಇನ್ನೂ ಹದಿನೇಳು ಗಂಟೆ ಇತ್ತು.